ಕಪಾಟಿನ ಎಲ್‌ಇಡಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು? ಕೊಡಗಿನ ಮನೆಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಕಪಾಟಿನ ಹಲಗೆಯೊಳಗೆ ಕೊರೆದು ಕೂರಿಸಿದ ಲೈಟ್ ಹತ್ತದಿದ್ದರೆ ಹೆಚ್ಚಿನವರು ಮೊದಲು ಲೈಟನ್ನೇ ಸ್ಕ್ರೂಡ್ರೈವರ್ ಹಾಕಿ ಕೀಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಕೊನೆಗೆ ಮಾಡುವ ಕೆಲಸ. ಕೀಳುವಾಗ ಲ್ಯಾಮಿನೇಟಿನ ಅಂಚು ಸಿಡಿಯುತ್ತದೆ, ಸ್ಪ್ರಿಂಗ್ ಕ್ಲಿಪ್ ಮುರಿಯುತ್ತದೆ, ಸರಿ ಇದ್ದ ಜಾಯಿಂಟ್ ಕೂಡ ಸಡಿಲವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ದೋಷ ಬೇರೆಲ್ಲೋ ಇತ್ತು ಅಂತ ಗೊತ್ತಾಗುತ್ತದೆ.

ಎಲ್‌ಇಡಿ ಚಿಪ್ ತಾನಾಗಿ ಸಾಯುವುದು ಕಡಿಮೆ. ನಮ್ಮ ಕಡೆ ಮೊದಲು ಕೈಕೊಡುವುದು ಡ್ರೈವರ್ (ಲೈಟಿಗೆ ಬೇಕಾದ ಹಾಗೆ ಕರೆಂಟ್ ಹೊಂದಿಸಿ ಕೊಡುವ ಸಣ್ಣ ಪೆಟ್ಟಿಗೆ), ತಂತಿಯ ಜಾಯಿಂಟ್ ಮತ್ತು ಬಾಗಿಲು ತೆರೆದಾಗ ಲೈಟ್ ಹತ್ತಿಸುವ ಸೆನ್ಸರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ಕಪಾಟಿನೊಳಗೆ ನಿಲ್ಲುವ ಥಂಡಿ, ಉಬ್ಬುವ ಮರ, ಹೋಗಿ ಬರುವ ಕರೆಂಟ್, ಏಪ್ರಿಲ್‌–ಮೇ ತಿಂಗಳ ಗುಡುಗು ಸಿಡಿಲು. ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆಯ ಮನೆಗಳಲ್ಲಿ ಇವೆಲ್ಲ ಸೇರಿ ಕೆಲಸ ಮಾಡುತ್ತವೆ. ಹಾಗಾಗಿ ಕಣ್ಣಿಗೆ ಕಂಡ ಲಕ್ಷಣ ಏನು ಹೇಳುತ್ತಿದೆ ಅಂತ ಮೊದಲು ನೋಡೋಣ.

ಕರೆಂಟ್ ಹರಿಯುವ ದಾರಿ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ವಿಚ್ ಅಥವಾ ಪ್ಲಗ್‌ನಿಂದ 230 ವೋಲ್ಟ್ ಡ್ರೈವರ್‌ಗೆ ಬರುತ್ತದೆ. ಡ್ರೈವರ್ ಅದನ್ನು ಕಡಿಮೆ ವೋಲ್ಟಿನ ಡಿಸಿ ಮಾಡುತ್ತದೆ. ಅಲ್ಲಿಂದ ಸೆನ್ಸರ್, ಆಮೇಲೆ ಸಣ್ಣ ತಂತಿ, ಕೊನೆಗೆ ಲೈಟ್. ಸೆನ್ಸರ್ ಇಲ್ಲದ ಕಪಾಟಿನಲ್ಲಿ ಆ ಒಂದು ಕೊಂಡಿ ಇರುವುದಿಲ್ಲ, ಅಷ್ಟೇ.

ಡ್ರೈವರ್ ಮೇಲಿನ ಬರಹವನ್ನು ಒಮ್ಮೆ ಓದಿ. ಔಟ್‌ಪುಟ್ ಎಂಬಲ್ಲಿ 12 ವೋಲ್ಟ್ ಅಥವಾ 24 ವೋಲ್ಟ್ ಅಂತ ಒಂದೇ ಅಂಕಿ ಇದ್ದರೆ ಅದು ಸ್ಟ್ರಿಪ್ ಲೈಟಿನ, ಅಂದರೆ ಸಾಲಾಗಿ ಎಲ್‌ಇಡಿ ಕೂರಿಸಿದ ಉದ್ದ ಪಟ್ಟಿಯ ಡ್ರೈವರ್. 9–12 ವೋಲ್ಟ್, 300 ಮಿಲಿಆಂಪ್ ಅಂತ ಇದ್ದರೆ ಅದು ದುಂಡನೆಯ ಸಣ್ಣ ಸ್ಪಾಟ್ ಲೈಟಿನದ್ದು. ಎರಡಕ್ಕೂ ಪರೀಕ್ಷೆಯ ರೀತಿ ಬೇರೆ. ಮುಂದೆ ಬರುವ ಅಳತೆಗಳು ಸ್ಟ್ರಿಪ್‌ಗೆ ಸೇರಿದ್ದು. ಸ್ಪಾಟ್ ಲೈಟಿನ ವಿಷಯ ಬಂದಲ್ಲಿ ಬೇರೆಯಾಗಿ ಹೇಳುತ್ತೇನೆ.

ಕೈ ಹಾಕುವ ಮುಂಚೆ

ಬೇಕಾಗುವುದು ಒಂದು ಟೆಸ್ಟರ್, ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ಫೋನಿನ ಕ್ಯಾಮೆರಾ.

ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಕೆಳಗಿಳಿಸಿ. ಪ್ಲಗ್ ಇದ್ದರೆ ಕಿತ್ತಿಡಿ. ಕೊಡಗಿನ ಬಹಳ ಮನೆಗಳಲ್ಲಿ ಇನ್ವರ್ಟರ್ ಇದೆ ಅನ್ನುವುದನ್ನು ಮರೆಯಬೇಡಿ. ಮೇನ್ ಆಫ್ ಮಾಡಿದ ತಕ್ಷಣ ಇನ್ವರ್ಟರ್ ಅದನ್ನು ಪವರ್ ಕಟ್ ಅಂತಲೇ ತಿಳಿದು ಲೈಟಿನ ಲೈನಿಗೆ ಮತ್ತೆ 230 ವೋಲ್ಟ್ ಕೊಡುತ್ತದೆ. ಇನ್ವರ್ಟರನ್ನೂ ಆಫ್ ಮಾಡಿ. ಆಮೇಲೆ ಟೆಸ್ಟರ್ ಇಟ್ಟು ನೋಡಿ. ಅದಕ್ಕೂ ಮುಂಚೆ, ಕರೆಂಟ್ ಇರುವ ಬೇರೊಂದು ಸಾಕೆಟ್‌ನಲ್ಲಿ ಟೆಸ್ಟರ್ ಹತ್ತುತ್ತದೆಯೇ ಅಂತ ಖಚಿತ ಮಾಡಿಕೊಳ್ಳಿ. ಕೆಟ್ಟ ಟೆಸ್ಟರ್ ಎಲ್ಲ ತಂತಿಯಲ್ಲೂ ಕರೆಂಟ್ ಇಲ್ಲ ಅಂತಲೇ ತೋರಿಸುತ್ತದೆ.

ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಬೇಡ. ಡ್ರೈವರಿನ ಪೆಟ್ಟಿಗೆ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿಯುತ್ತದೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ತಂತಿ ಕೆಂಪಾಗುವಷ್ಟು ಕಾಯಬಹುದು. ಸುತ್ತ ಇರುವುದು ಮರ ಮತ್ತು ಬಟ್ಟೆ. ಇನ್ನು ಸ್ಪಾಟ್ ಲೈಟಿನ ಕೆಲವು ಅಗ್ಗದ ಡ್ರೈವರ್‌ಗಳಲ್ಲಿ ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ಸರಿಯಾದ ಬೇರ್ಪಡಿಕೆ ಇರುವುದಿಲ್ಲ. ಅವುಗಳ ಔಟ್‌ಪುಟ್ ತಂತಿ ಕೂಡ ಶಾಕ್ ಕೊಡಬಲ್ಲದು. ಅದನ್ನು 230 ವೋಲ್ಟಿನ ತಂತಿ ಅಂತಲೇ ನೋಡಿ.

ಒಂದು ಲೈಟೂ ಹತ್ತುತ್ತಿಲ್ಲ

ಎಲ್ಲ ಲೈಟ್ ಒಟ್ಟಿಗೆ ಹೋದರೆ ಎಲ್ಲ ಎಲ್‌ಇಡಿ ಒಟ್ಟಿಗೆ ಸತ್ತಿರುವುದು ತೀರಾ ಅಪರೂಪ. ದೋಷ ಅವೆಲ್ಲಕ್ಕೂ ಸೇರಿದ ಜಾಗದಲ್ಲಿದೆ: ಸ್ವಿಚ್, ಡ್ರೈವರ್, ಇಲ್ಲವೇ ಸೆನ್ಸರ್.

ಮೊದಲು ಎಂಸಿಬಿ ನೋಡಿ. ಆ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸಾಕೆಟ್ ಇರುವುದು ವಾರ್ಡ್‌ರೋಬಿನ ಹಿಂದೆ ಆದರೆ ಪ್ಲಗ್ ಸಡಿಲವಾಗಿರಬಹುದು. ಬಟ್ಟೆ, ಕಂಬಳಿ ಒತ್ತಿ ತುಂಬುವಾಗ ಪ್ಲಗ್ ಅರ್ಧ ಹೊರಬರುವುದು ಸಾಮಾನ್ಯ.

ಸಾಕೆಟ್ ಸರಿ ಇದ್ದರೆ ಡ್ರೈವರಿನ ಔಟ್‌ಪುಟ್ ಅಳೆಯಿರಿ. ತಂತಿ ಬಿಚ್ಚುವುದು, ಜೋಡಿಸುವುದು ಕರೆಂಟ್ ಆಫ್ ಇರುವಾಗ, ಅಳೆಯುವುದು ಮಾತ್ರ ಆನ್ ಮಾಡಿದ ಮೇಲೆ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ, 24 ವೋಲ್ಟಿನ ಡ್ರೈವರ್ ಆದರೆ 200ಕ್ಕೆ. ಲೈಟಿನ ತಂತಿ ಬಿಚ್ಚಿ ಅಳೆದಾಗ 12ರ ಆಸುಪಾಸು ತೋರಿಸಬೇಕು. 11.4ರಿಂದ 12.6ರವರೆಗೆ ಇದ್ದರೆ ಚಿಂತೆ ಇಲ್ಲ. ಸೊನ್ನೆ ಬಂದರೆ ಡ್ರೈವರ್ ಹೋಗಿದೆ, ಅಥವಾ ಅದಕ್ಕೆ 230 ವೋಲ್ಟ್ ಬರುತ್ತಿಲ್ಲ. ಬರಿ ತಂತಿಯಲ್ಲಿ 12 ಇದ್ದು, ಲೈಟ್ ಜೋಡಿಸಿದ ಕೂಡಲೇ 6, 7ಕ್ಕೆ ಬಿದ್ದರೆ ಡ್ರೈವರ್ ಸೋತಿದೆ, ಇಲ್ಲವೇ ಲೈಟಿನ ಕಡೆ ಶಾರ್ಟ್ ಇದೆ. ಯಾವುದು ಅಂತ ತಿಳಿಯಲು ಒಂದೊಂದೇ ಹಲಗೆಯ ತಂತಿ ಬಿಚ್ಚಿ ನೋಡಿ. ಒಂದು ನಿರ್ದಿಷ್ಟ ಹಲಗೆ ಬಿಚ್ಚಿದಾಗ ಉಳಿದವು ಸರಿಯಾಗಿ ಹತ್ತಿದರೆ ತಪ್ಪು ಆ ಹಲಗೆಯದ್ದು. ಯಾವುದನ್ನು ಬಿಚ್ಚಿದರೂ ವ್ಯತ್ಯಾಸ ಇಲ್ಲದಿದ್ದರೆ ಡ್ರೈವರ್ ಬದಲಿಸಿ.

ಡ್ರೈವರ್ ಸರಿಯಾಗಿ 12 ಕೊಡುತ್ತಿದ್ದರೆ ಸೆನ್ಸರನ್ನು ಪಕ್ಕಕ್ಕಿಟ್ಟು ಲೈಟಿನ ತಂತಿಯನ್ನು ನೇರವಾಗಿ ಡ್ರೈವರ್‌ಗೆ ಕೊಟ್ಟು ನೋಡಿ. ಹತ್ತಿದರೆ ಸೆನ್ಸರ್ ತಪ್ಪಿತಸ್ಥ.

ಹೊಸದಾಗಿ ಕೂರಿಸಿದ ದಿನವೇ ಹತ್ತದಿದ್ದರೆ ಪ್ಲಸ್ ಮೈನಸ್ ಅದಲುಬದಲಾಗಿದೆಯೇ ನೋಡಿ. ಸ್ಟ್ರಿಪ್ ಮೇಲೆ ಗುರುತು ಇರುತ್ತದೆ. ಉಲ್ಟಾ ಕೊಟ್ಟರೆ ಸಾಮಾನ್ಯವಾಗಿ ಸುಡುವುದಿಲ್ಲ, ಹತ್ತುವುದಿಲ್ಲ ಅಷ್ಟೇ. 24 ವೋಲ್ಟಿನ ಸ್ಟ್ರಿಪ್‌ಗೆ 12 ವೋಲ್ಟಿನ ಡ್ರೈವರ್ ಕೊಟ್ಟರೂ ಹೀಗೇ ಆಗುತ್ತದೆ.

ಸ್ಪಾಟ್ ಲೈಟಿನಲ್ಲಿ ಒಂದು ಎಚ್ಚರಿಕೆ. ಡ್ರೈವರ್ ಆನ್ ಇರುವಾಗ ಲೈಟಿನ ಪಿನ್ ತೆಗೆದು ಹಾಕಬೇಡಿ. ಲೈಟ್ ಇಲ್ಲದಾಗ ಔಟ್‌ಪುಟ್ ವೋಲ್ಟೇಜ್ ಏರಿ ನಿಂತಿರುತ್ತದೆ. ಆಗ ಸಿಕ್ಕಿಸಿದರೆ ಒಂದು ಕ್ಷಣ ಜಾಸ್ತಿ ಕರೆಂಟ್ ಹರಿದು ಒಳ್ಳೆಯ ಎಲ್‌ಇಡಿಯೂ ಸಾಯಬಹುದು. ಆಫ್ ಮಾಡಿ, ಜೋಡಿಸಿ, ಆಮೇಲೆ ಆನ್ ಮಾಡಿ.

ಸ್ಟ್ರಿಪ್‌ನಲ್ಲಿ ಮೂರು ಚುಕ್ಕಿ ಮಾತ್ರ ಕತ್ತಲೆ, ಅಥವಾ ಒಂದು ಜಾಗದಿಂದ ಮುಂದಕ್ಕೆ ಎಲ್ಲ ಕತ್ತಲೆ

ಇವೆರಡು ನೋಡಲು ಒಂದೇ ಥರ, ಕಾರಣ ಬೇರೆ.

12 ವೋಲ್ಟಿನ ಸಾಮಾನ್ಯ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ ಒಂದು ಗುಂಪು. ಮೂರೂ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಜೊತೆಗೊಂದು ರೆಸಿಸ್ಟರ್. ಒಂದರ ಒಳಗೆ ಕಡಿದುಹೋದರೂ ಮೂರೂ ಆರುತ್ತವೆ, ಅಕ್ಕಪಕ್ಕದ ಗುಂಪು ಆರಾಮಾಗಿ ಉರಿಯುತ್ತದೆ. ಹಾಗಾಗಿ ಲೆಕ್ಕ ಹಾಕಿ. ಸರಿಯಾಗಿ ಮೂರೇ ಕತ್ತಲೆಯಾದರೆ ಆ ತುಂಡು ಬದಲಿಸಿದರೆ ಸಾಕು. ಕತ್ತರಿ ಗುರುತು ಇರುವಲ್ಲೇ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ. ಸಣ್ಣ ತುಂಡಿಗೋಸ್ಕರ ಇಡೀ ಪ್ರೊಫೈಲ್ (ಸ್ಟ್ರಿಪ್ ಕೂರಿಸುವ ಅಲ್ಯೂಮಿನಿಯಂ ಪಟ್ಟಿ) ಕೀಳಬೇಕಿಲ್ಲ.

ಒಂದು ಜಾಗದಿಂದ ಮುಂದಕ್ಕೆ ಪೂರ್ತಿ ಕತ್ತಲೆ ಅಂದರೆ ಅಲ್ಲಿ ದಾರಿ ಕಡಿದಿದೆ. ಬಹುತೇಕ ಅದು ಜಾಯಿಂಟ್. ಬೆಸುಗೆ ಇಲ್ಲದೆ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಕ್ಲಿಪ್ ಹಾಕಿದ್ದರೆ ಮೊದಲ ಸಂಶಯ ಅದರ ಮೇಲೆ. ಸ್ಟ್ರಿಪ್ ಮೇಲೆ ಮುಚ್ಚಿದ ಡಿಫ್ಯೂಸರ್ ಪಟ್ಟಿಯನ್ನು (ಬೆಳಕು ಹರಡುವ ಪ್ಲಾಸ್ಟಿಕ್ ಮುಚ್ಚಳ) ಮೆಲ್ಲಗೆ ಜಾರಿಸಿ ತೆಗೆಯಿರಿ, ಕ್ಲಿಪ್ ಮೇಲೆ ಬೆರಳಿನಿಂದ ಒತ್ತಿ. ಒತ್ತಿದಾಗ ಹತ್ತಿ ಬಿಟ್ಟಾಗ ಆರಿದರೆ ಸಿಕ್ಕಿತು. ಕ್ಲಿಪ್ ತೆಗೆದು ನೋಡಿದರೆ ತಾಮ್ರದ ಮೇಲೆ ಹಸಿರು ಅಥವಾ ಕಪ್ಪು ಕಿಲುಬು ಕಾಣುತ್ತದೆ. ನಮ್ಮ ಥಂಡಿಗೆ ಈ ಕ್ಲಿಪ್‌ಗಳು ಸರಿಹೋಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಣ ಊರಿನಲ್ಲಿ ವರ್ಷಗಟ್ಟಲೆ ಬಾಳುವ ಕ್ಲಿಪ್ ಇಲ್ಲಿ ಎರಡು ಮಳೆಗಾಲ ದಾಟುವುದು ಕಷ್ಟ. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಬೆಸುಗೆಯ ಪೇಸ್ಟ್ ಉಳಿದರೆ ಅದೇ ತಾಮ್ರವನ್ನು ತಿನ್ನುತ್ತದೆ. ಆರಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿ.

ಒಂದು ಹಲಗೆ ಮಾತ್ರ ಪೂರ್ತಿ ಕತ್ತಲೆ ಆದರೆ ಆ ಹಲಗೆಯ ತಂತಿಯನ್ನು ಟಾರ್ಚ್ ಹಿಡಿದು ನೋಡಿ. ಇಲಿ ಕಡಿದ ಗುರುತು ಇರಬಹುದು. ತೋಟದ ಮನೆಗಳಲ್ಲಿ ಮಳೆ ಹಿಡಿದ ಮೇಲೆ ಇಲಿಗಳು ಒಳಗೆ ಸೇರುತ್ತವೆ ಅಲ್ವಾ. ಕಡಿದ ತಂತಿಗೆ ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ಆ ತುಂಡು ತೆಗೆದು ಹೊಸ ತಂತಿ ಎಳೆದು ಪಿವಿಸಿ ಪೈಪಿನೊಳಗೆ ಹಾಕಿ.

ಬಾಗಿಲು ಮುಚ್ಚಿದರೂ ಆರುವುದಿಲ್ಲ, ತೆರೆದರೂ ಹತ್ತುವುದಿಲ್ಲ

ಕೊಡಗಿನಲ್ಲಿ ಈ ದೂರಿಗೆ ಕಾಲ ಇದೆ. ಬೇಸಿಗೆಯಲ್ಲಿ ಸರಿ ಇದ್ದ ಕಪಾಟು ಆಷಾಢ ಬಂದ ಮೇಲೆ ಕೈಕೊಡುತ್ತದೆ. ಆಗ ಸೆನ್ಸರ್ ಬಿಟ್ಟು ಮೊದಲು ಬಾಗಿಲು ನೋಡಿ.

ಮರ ತೇವ ಕುಡಿದು ಉಬ್ಬುತ್ತದೆ. ಉಬ್ಬಿದ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮ್ಯಾಗ್ನೆಟ್ ಸೆನ್ಸರ್ ಇದ್ದರೆ ಬಾಗಿಲಿನ ಮ್ಯಾಗ್ನೆಟ್‌ಗೂ ಚೌಕಟ್ಟಿನ ಸ್ವಿಚ್‌ಗೂ ನಡುವೆ ಕೆಲವು ಮಿಲಿಮೀಟರ್ ಜಾಸ್ತಿ ಅಂತರ ಬಂದರೂ ಸಾಕು, ಅದಕ್ಕೆ ಬಾಗಿಲು ತೆರೆದ ಹಾಗೇ. ಒತ್ತುವ ಗುಂಡಿಯ ಸ್ವಿಚ್ ಇದ್ದರೆ ಬಾಗಿಲು ಗುಂಡಿಯವರೆಗೆ ತಲುಪುವುದೇ ಇಲ್ಲ. ಪರೀಕ್ಷೆ ಸುಲಭ. ಬಾಗಿಲನ್ನು ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಸಂದಿಯಲ್ಲಿ ನೋಡಿ. ಆಗ ಆರಿದರೆ ಹಿಂಜ್ ಸ್ಕ್ರೂ ತಿರುಗಿಸಿ ಬಾಗಿಲನ್ನು ಒಳಕ್ಕೆ ತರಬೇಕು. ಈಗಿನ ಹಿಂಜ್‌ಗಳಲ್ಲಿ ಬಾಗಿಲನ್ನು ಒಳಗೆ ಹೊರಗೆ, ಅಕ್ಕಪಕ್ಕ ಸರಿಸಲು ಬೇರೆ ಬೇರೆ ಸ್ಕ್ರೂ ಇರುತ್ತವೆ. ಮಳೆಗಾಲದಲ್ಲಿ ಅಂಚನ್ನು ಜಾಸ್ತಿ ಉಜ್ಜಿಸಿ ಸವೆಸಬೇಡಿ. ಡಿಸೆಂಬರ್, ಜನವರಿಯಲ್ಲಿ ಒಣಗಿದ ಮೇಲೆ ಅದೇ ಬಾಗಿಲು ಸಂದಿ ಬಿಡುತ್ತದೆ.

ಐಆರ್ ಸೆನ್ಸರ್ ಇದ್ದರೆ ಕಾರಣ ಬೇರೆ. ಅದು ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಎದುರಿನ ಬಾಗಿಲಿನಿಂದ ತಿರುಗಿ ಬರುವುದನ್ನು ನೋಡುತ್ತದೆ. ತಿರುಗಿ ಬಂದರೆ ಬಾಗಿಲು ಮುಚ್ಚಿದೆ ಅಂತ ಅರ್ಥ. ಈ ಸೆನ್ಸರ್‌ಗಳು ನೋಡುವುದು ಕೆಲವೇ ಸೆಂಟಿಮೀಟರ್ ದೂರ. ಬೀಟೆ ಮರದ ಬಾಗಿಲು, ಗಾಢ ಪಾಲಿಶ್ ಹೊಡೆದ ತೇಗ, ಕಪ್ಪು ಲ್ಯಾಮಿನೇಟ್ ಆ ಬೆಳಕನ್ನು ತಿರುಗಿ ಕಳಿಸದೆ ನುಂಗಬಹುದು. ಆಗ ಬಾಗಿಲು ಮುಚ್ಚಿದ್ದರೂ ಲೈಟ್ ಉರಿಯುತ್ತಲೇ ಇರುತ್ತದೆ. ಸೆನ್ಸರ್ ಎದುರಿಗೆ, ಬಾಗಿಲಿನ ಒಳಮೈಗೆ ಒಂದು ತುಂಡು ಬಿಳಿ ಸ್ಟಿಕರ್ ಅಂಟಿಸಿ ನೋಡಿ. ಸುಮಾರು ಕೇಸುಗಳು ಅಲ್ಲಿಗೇ ಮುಗಿಯುತ್ತವೆ. ಹೊಸ ಸೆನ್ಸರ್ ತರಲು ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗುವ ಮುಂಚೆ ಈ ಸ್ಟಿಕರ್ ಪರೀಕ್ಷೆ ಮಾಡಲೇಬೇಕು.

ತೆರೆದರೂ ಹತ್ತದಿದ್ದರೆ ಉಲ್ಟಾ ಯೋಚಿಸಿ. ಸೆನ್ಸರ್ ಎದುರು ಏನೋ ಅಡ್ಡ ಇದೆ. ಮಡಚಿಟ್ಟ ಕಂಬಳಿ, ಹ್ಯಾಂಗರಿಗೆ ನೇತು ಹಾಕಿದ ಕುಪ್ಯ (ಕೊಡವರ ನಿಲುವಂಗಿ), ಜೇಡರ ಬಲೆ, ಗಾಜಿನ ಮೇಲೆ ಕೂತ ಬೂಷ್ಟು. ಒಣ ಬಟ್ಟೆಯಿಂದ ಒರೆಸಿ. ಹಾಕಿ ಆಟದಲ್ಲಿ ಗೆದ್ದ ಕಪ್‌ಗಳು, ಪೀಚೆಕತ್ತಿ (ಕೊಡವರ ಕಿರುಗತ್ತಿ) ಇಟ್ಟ ಶೋಕೇಸಿನಲ್ಲಿ ಹೊಳೆಯುವ ಲೋಹ ಸೆನ್ಸರ್ ಎದುರಿಗೆ ಬಂದರೂ ಇದೇ ಕಥೆ. ಕಪ್ ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ.

ಸೆನ್ಸರ್ ಜೀವಂತ ಇದೆಯೇ ಅಂತ ತಿಳಿಯಲು ಫೋನಿನ ಕ್ಯಾಮೆರಾ ಸಾಕು. ಕೋಣೆ ಕತ್ತಲೆ ಮಾಡಿ ಸೆನ್ಸರ್ ಕಡೆ ಕ್ಯಾಮೆರಾ ಹಿಡಿಯಿರಿ. ತಿಳಿ ನೇರಳೆ ಚುಕ್ಕಿ ಪರದೆಯಲ್ಲಿ ಕಂಡರೆ ಅದು ಬೆಳಕು ಬಿಡುತ್ತಿದೆ. ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲೂ ನೋಡಿ. ಕೆಲವು ಫೋನುಗಳ ಹಿಂದಿನ ಕ್ಯಾಮೆರಾ ಈ ಬೆಳಕನ್ನು ತಡೆದುಬಿಡುತ್ತದೆ. ಮೊದಲು ಟಿವಿ ರಿಮೋಟ್ ಒತ್ತಿ ನಿಮ್ಮ ಫೋನಿಗೆ ಕಾಣುತ್ತದೆಯೇ ಅಂತ ಪರೀಕ್ಷಿಸಿ.

ಲೈಟ್ ಮಿಣುಕುತ್ತಿದೆ

ಹೇಗೆ ಮಿಣುಕುತ್ತಿದೆ, ಯಾವಾಗ ಮಿಣುಕುತ್ತಿದೆ ಅನ್ನುವುದರಲ್ಲೇ ಉತ್ತರ ಇದೆ.

ಗಡಿಯಾರದ ಹಾಗೆ ಒಂದೇ ಲಯದಲ್ಲಿ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದರೆ ಡ್ರೈವರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಹೊರೆ ಜಾಸ್ತಿ, ಇಲ್ಲವೇ ಶಾರ್ಟ್. ಲೆಕ್ಕ ಹಾಕಿ. ಸ್ಟ್ರಿಪ್ ಮೀಟರಿಗೆ 9.6 ವ್ಯಾಟ್ ಇದ್ದು 5 ಮೀಟರ್ ಹಾಕಿದ್ದರೆ ಒಟ್ಟು 48 ವ್ಯಾಟ್. 12 ವೋಲ್ಟಿನಲ್ಲಿ ಅದು 4 ಆಂಪ್. ಇದಕ್ಕೆ 3 ಆಂಪಿನ ಡ್ರೈವರ್ ಹಾಕಿದ್ದರೆ ಮಿಣುಕದೆ ಇನ್ನೇನು ಮಾಡೀತು? 48 ವ್ಯಾಟಿಗೆ ಸರಿಯಾಗಿ 48 ವ್ಯಾಟಿನದ್ದೂ ಬೇಡ, 60 ವ್ಯಾಟಿನದ್ದು ಹಾಕಿ. ಹೊರೆಗಿಂತ ಸುಮಾರು 20–25 ಶೇಕಡ ಮೇಲಿರಲಿ. ಆಮೇಲೆ ಒಂದು ಹಲಗೆ ಸೇರಿಸಿ ಲೈಟ್ ಮುಂದುವರಿಸಿದ ಕಪಾಟುಗಳಲ್ಲಿ ಈ ತೊಂದರೆ ಜಾಸ್ತಿ.

ಲಯ ಇಲ್ಲದೆ, ಬಾಗಿಲು ಹಾಕುವಾಗ ಅಥವಾ ಹಲಗೆ ಮುಟ್ಟಿದಾಗ ಮಿಣುಕಿದರೆ ಸಡಿಲ ಜಾಯಿಂಟ್. ಕರೆಂಟ್ ಆಫ್ ಮಾಡಿ ಒಂದೊಂದೇ ಸ್ಕ್ರೂ ಬಿಗಿ ಮಾಡಿ.

ಇನ್ವರ್ಟರಿಗೆ ಬದಲಾದಾಗ ಮಾತ್ರ ಮಿಣುಕಿದರೆ, ಅಥವಾ ಡ್ರೈವರ್ ಗುಂಯ್ ಅಂತ ಸದ್ದು ಮಾಡಿದರೆ, ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿರಬಹುದು. ಅದರ ಕರೆಂಟಿನ ಆಕಾರ ಕೆಲವು ಅಗ್ಗದ ಡ್ರೈವರ್‌ಗಳಿಗೆ ಒಗ್ಗುವುದಿಲ್ಲ. ಕಪಾಟಿನ ಲೈಟನ್ನು ಇನ್ವರ್ಟರ್ ಲೈನಿನಿಂದ ತೆಗೆಸಿದರೆ ಖರ್ಚಿಲ್ಲದೆ ಮುಗಿಯುತ್ತದೆ.

ಸಂಜೆ ಹೊತ್ತು, ಅಥವಾ ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಮೋಟರ್‌ಗಳು ಓಡುವಾಗ ಮಿಣುಕಿದರೆ ಮನೆಗೆ ಬರುವ ವೋಲ್ಟೇಜ್ ಅಳೆಯಿರಿ. ಮೀಟರ್ ಎಸಿ 750 ಅಥವಾ 600ರಲ್ಲಿರಲಿ, ಸಾಕೆಟ್‌ನಲ್ಲಿ ಪಿನ್ ಇಟ್ಟು ನೋಡಿ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ ಬಹಳ ಇಳಿಯುತ್ತದೆ. ಡ್ರೈವರ್ ಮೇಲೆ 220–240 ಅಂತ ಮಾತ್ರ ಬರೆದಿದ್ದರೆ ಅದು ಅಷ್ಟು ಕಡಿಮೆಗೆ ನಿಲ್ಲದಿರಬಹುದು. 100–240 ಅಂತ ಬರೆದ ಡ್ರೈವರ್ ಹಾಕಿದರೆ ಲೈಟ್ ಸ್ಥಿರವಾಗುತ್ತದೆ.

ಈಗ ಹೇಳುವುದನ್ನು ಗಮನ ಇಟ್ಟು ಓದಿ. ಕಪಾಟಿನ ಲೈಟ್ ಜೊತೆ ಮನೆಯ ಬೇರೆ ಲೈಟ್‌ಗಳೂ ಒಮ್ಮೆ ಜೋರಾಗಿ ಒಮ್ಮೆ ಮಂಕಾಗಿ ಉರಿದರೆ, ಒಂದು ಕೋಣೆಯಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು ಇನ್ನೊಂದರಲ್ಲಿ ಮಂಕು ಕಂಡರೆ, ನ್ಯೂಟ್ರಲ್ ಕಡಿದಿರಬಹುದು. ಮರದ ಕೊಂಬೆ ಲೈನ್ ಮೇಲೆ ಬಿದ್ದಾಗ ಹೀಗಾಗುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ಆಗ ಕೆಲವು ಸಾಕೆಟ್‌ಗಳಿಗೆ 230ರ ಬದಲು 400ರ ಹತ್ತಿರ ಬರಬಹುದು. ಅಳೆಯುತ್ತಾ ಕೂರಬೇಡಿ. ಮೇನ್ ಇಳಿಸಿ, ಕರೆಂಟ್ ಕೊಡುವ ಕಂಪನಿ ಚೆಸ್ಕಾಂಗೆ 1912ಕ್ಕೆ ಫೋನ್ ಮಾಡಿ ತಿಳಿಸಿ. ಫ್ರಿಜ್, ಟಿವಿ ಎಲ್ಲ ಸುಟ್ಟುಹೋಗುವ ಪರಿಸ್ಥಿತಿ ಇದು.

ಆರಂಭದಲ್ಲಿ ಬೆಳಕು ಚೆನ್ನಾಗಿದೆ, ಕೊನೆಯಲ್ಲಿ ಮಂಕು

ಇದು ಕೆಟ್ಟಿರುವುದಲ್ಲ, ಕೂರಿಸುವಾಗ ಆದ ತಪ್ಪು. ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಉದ್ದ ಎಳೆದಷ್ಟೂ ಕೊನೆಯ ಜೆಟ್‌ಗೆ ನೀರಿನ ರಭಸ ಕುಗ್ಗುತ್ತದಲ್ಲ, ಹಾಗೆ ಉದ್ದ ತಂತಿಯಲ್ಲಿ ವೋಲ್ಟೇಜ್ ಕುಗ್ಗುತ್ತದೆ. 4 ಆಂಪ್ ಹರಿಯುವ 5 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ಹೋಗಿ ಬರುವ ದಾರಿ ಸೇರಿ ಸುಮಾರು 1.5 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 12ರಲ್ಲಿ 1.5 ಅಂದರೆ ಸಣ್ಣದಲ್ಲ. ಅದೇ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಸುಮಾರು ಅರ್ಧ ವೋಲ್ಟ್.

ಲೈಟ್ ಉರಿಯುವಾಗ ಸ್ಟ್ರಿಪ್‌ನ ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಆರಂಭದಲ್ಲೇ ಕಡಿಮೆ ಇದ್ದರೆ ಡ್ರೈವರಿನಿಂದ ಬರುವ ತಂತಿ ದಪ್ಪ ಮಾಡಿ, ಅಥವಾ ಡ್ರೈವರನ್ನು ಹತ್ತಿರ ತನ್ನಿ. ಆರಂಭದಲ್ಲಿ ಸರಿ ಇದ್ದು ಕೊನೆಯಲ್ಲಿ ಮಾತ್ರ ಕಡಿಮೆಯಾದರೆ ಸ್ಟ್ರಿಪ್ ತಾನೇ ಉದ್ದ ಜಾಸ್ತಿ. ಇನ್ನೊಂದು ತುದಿಗೂ ಡ್ರೈವರಿನಿಂದ ಒಂದು ಜೊತೆ ತಂತಿ ಎಳೆಯಿರಿ. ಪ್ರತಿ ಹಲಗೆಗೂ ಡ್ರೈವರಿನಿಂದ ಬೇರೆ ಬೇರೆ ತಂತಿ ಕೊಡುವುದೇ ಒಳ್ಳೆಯ ಪದ್ಧತಿ.

ಸ್ವಿಚ್ ಆಫ್ ಮಾಡಿದರೂ ಮಂಕಾಗಿ ಉರಿಯುತ್ತಿದೆ

ರಾತ್ರಿ ಕತ್ತಲಲ್ಲಿ ಮಾತ್ರ ಕಾಣುವ ಈ ಮಿಣುಕು ನೋಡಿ ಹೆದರುವವರಿದ್ದಾರೆ. ಸ್ವಿಚ್‌ನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟೇ ಕಾರಣ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿ.

ಇಂಡಿಕೇಟರ್ ಇಲ್ಲದಿದ್ದರೂ ಹೀಗಾದರೆ ಫೇಸ್ ಬದಲು ನ್ಯೂಟ್ರಲ್ ಮೇಲೆ ಸ್ವಿಚ್ ಹಾಕಿರುವ ಸಾಧ್ಯತೆ ಇದೆ. ಇದನ್ನು ಹಾಗೇ ಬಿಡಬಾರದು. ಸ್ವಿಚ್ ಆಫ್ ಇದ್ದರೂ ಡ್ರೈವರ್‌ವರೆಗೆ ಫೇಸ್ ಬಂದು ನಿಂತಿರುತ್ತದೆ. ಆಫ್ ಮಾಡಿದ್ದೀನಿ ಅಂತ ನಂಬಿ ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್ಚನ್ನು ಫೇಸ್‌ಗೆ ಬದಲಿಸಿ.

ಬಿಸಿ, ಸುಟ್ಟ ವಾಸನೆ, ಕಂದು ಕಲೆ

ಡ್ರೈವರ್ ಬೆಚ್ಚಗಿರುವುದು ಸಹಜ. ಕೆಲವು ಸೆಕೆಂಡ್ ಕೈ ಇಡಲಾಗದಷ್ಟು ಬಿಸಿ ಆದರೆ ಸಹಜ ಅಲ್ಲ. ಅದರ ಮೇಲೆ ಕಂಬಳಿ, ಸೀರೆ ಪೇರಿಸಿದ್ದಾರೆಯೇ ನೋಡಿ. ಗಾಳಿ ಆಡದ ಮೂಲೆಯಲ್ಲಿ ಡ್ರೈವರ್ ಬೇಗ ಸಾಯುತ್ತದೆ. ಕಪಾಟಿನ ಮೇಲ್ಭಾಗಕ್ಕೆ, ತೆರೆದ ಜಾಗಕ್ಕೆ ಅದನ್ನು ಬದಲಿಸಿ.

ಲೈಟಿನ ಸುತ್ತ ಮರ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಸೊಟ್ಟಗಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ. ಎಂಸಿಬಿ ಇಳಿಸಿ, ಕಪಾಟು ಖಾಲಿ ಮಾಡಿ, ಬಾಗಿಲು ತೆರೆದಿಡಿ. ಮತ್ತೊಮ್ಮೆ ಆನ್ ಮಾಡಿ ನೋಡೋಣ ಅನ್ನಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆಫ್ ಇರಲಿ.

ಇಲ್ಲೊಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಬೀರುವಿನೊಳಗೆ ಹಳೇ ತಂತಿಯ ಬಲ್ಬ್ ಉರಿಸಿಡುವ ಅಭ್ಯಾಸ ನಮ್ಮಲ್ಲಿದೆ. ಎಲ್‌ಇಡಿ ಆ ಕೆಲಸ ಮಾಡುವುದಿಲ್ಲ, ಅದರ ಬಿಸಿ ಅಷ್ಟಿಲ್ಲ. ಹಾಗಂತ ಎಲ್‌ಇಡಿಗೆ ಕೊರೆದ ತೂತಿನಲ್ಲಿ ಹಳೇ ಬಲ್ಬ್ ಕೂರಿಸಬೇಡಿ. ಪ್ಲೈವುಡ್ ಕರಕಲಾಗಿ ಬೆಂಕಿ ಹತ್ತಬಹುದು. ಬೂಷ್ಟಿಗೆ ಬೇರೆ ದಾರಿ ಹುಡುಕಿ: ಗೋಡೆಗೂ ಕಪಾಟಿಗೂ ನಡುವೆ ಸಂದಿ, ಗಾಳಿ ಆಡಲು ಜಾಲರಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡುವುದು.

ಮಳೆ ಬಂದಾಗ ಟ್ರಿಪ್ ಆಗುತ್ತದೆ, ಮುಟ್ಟಿದರೆ ಜುಮ್ ಅನ್ನುತ್ತದೆ

ಅಲ್ಯೂಮಿನಿಯಂ ಪ್ರೊಫೈಲ್ ಮುಟ್ಟಿದಾಗ ಬೆರಳು ಸ್ವಲ್ಪ ಜುಮ್ ಅಂದರೂ ಅದನ್ನು ಸಣ್ಣದು ಅಂತ ಬಿಡಬೇಡಿ. 230 ವೋಲ್ಟ್ ಎಲ್ಲೋ ಸೋರುತ್ತಿದೆ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರುವ ಮನೆಯಲ್ಲಿ ಇದೇ ಸೋರಿಕೆ ಜಾಸ್ತಿಯಾದಾಗ ಮಳೆಯ ದಿನ ಟ್ರಿಪ್ ಆಗುತ್ತದೆ. ಹೊರಗೋಡೆಗೆ ಒರಗಿದ ಕಪಾಟಿನ ಹಿಂದೆ ಗೋಡೆ ಒಸರಿ ಜಂಕ್ಷನ್ ಬಾಕ್ಸಿಗೆ ನೀರು ಇಳಿದಿರುವುದು ಮಾಮೂಲಿ ಕಾರಣ.

ನೀವು ಮಾಡಬಹುದಾದ ಪರೀಕ್ಷೆ ಒಂದೇ. ಡ್ರೈವರಿನ ಪ್ಲಗ್ ಕಿತ್ತು ಆರ್‌ಸಿಸಿಬಿ ಏರಿಸಿ. ನಿಂತರೆ ದೋಷ ಡ್ರೈವರಿನ ಕಡೆ. ನಿಲ್ಲದಿದ್ದರೆ ಗೋಡೆಯ ವೈರಿಂಗ್ ಕಡೆ. ಇಷ್ಟು ತಿಳಿದ ಮೇಲೆ ಎಲೆಕ್ಟ್ರಿಷಿಯನ್ ಬರಲಿ, ಅರ್ಥಿಂಗ್ ಕೂಡ ಪರೀಕ್ಷಿಸಲಿ. ಟ್ರಿಪ್ ಆಗುವ ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಲೈನ್ ಕೊಡುವವರಿದ್ದಾರೆ. ಮನೆಯಲ್ಲಿ ಮಕ್ಕಳಿದ್ದಾರೆ, ದಯವಿಟ್ಟು ಹಾಗೆ ಮಾಡಿಸಬೇಡಿ.

ಸ್ಟ್ರಿಪ್ ಜೋತು ಬೀಳುತ್ತಿದೆ

ಹಿಂಬದಿಯ ಅಂಟು ಥಂಡಿ ಹಿಡಿದ ಮರದ ಮೇಲೆ ನಿಲ್ಲುವುದಿಲ್ಲ. ಮತ್ತೆ ಮತ್ತೆ ಫೆವಿಕ್ವಿಕ್ ಹಾಕಿ ಫಲವಿಲ್ಲ. ಅಲ್ಯೂಮಿನಿಯಂ ಪ್ರೊಫೈಲ್ ಸ್ಕ್ರೂ ಹೊಡೆದು ಕೂರಿಸಿ, ಅದನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಸ್ಟ್ರಿಪ್ ಅಂಟಿಸಿ. ಲೋಹ ಬಿಸಿಯನ್ನು ಎಳೆದುಕೊಳ್ಳುವುದರಿಂದ ಎಲ್‌ಇಡಿಯೂ ಜಾಸ್ತಿ ದಿನ ಬಾಳುತ್ತದೆ.

ಗುಡುಗಿನ ಮಾರನೇ ದಿನ ಲೈಟ್ ಇಲ್ಲ

ಸಿಡಿಲಿನಿಂದ ಲೈನಿನಲ್ಲಿ ಏರುವ ವೋಲ್ಟೇಜ್ ಮೊದಲು ಹೊಡೆಯುವುದು ಡ್ರೈವರನ್ನು. ಲೈಟ್‌ಗಳು ಬಹಳ ಸಲ ಉಳಿದಿರುತ್ತವೆ, ಆದ್ದರಿಂದ ಅವನ್ನು ಮುಟ್ಟಬೇಡಿ. ಡ್ರೈವರ್ ಬದಲಿಸಿ ನೋಡಿ. ಮತ್ತೆ ಮತ್ತೆ ಹೀಗಾದರೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ, ಹಾಗಾಗಿ ಎರಡನ್ನೂ ಒಟ್ಟಿಗೆ ನೋಡಿಸಿ. ಬೀಗ ಹಾಕಿ ಬೆಂಗಳೂರು, ಮೈಸೂರಿಗೆ ಹೋಗುವವರು ಕಪಾಟಿನ ಲೈಟಿನ ಪ್ಲಗ್ ಕಿತ್ತಿಟ್ಟು ಹೋಗಿ.

ಹೊಸ ಡ್ರೈವರ್ ತರುವಾಗ

ಹಳೇ ಡ್ರೈವರಿನ ಬರಹದ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಹಳೆಯದನ್ನೇ ಹಿಡಿದುಕೊಂಡು ಹೋದರೆ ಇನ್ನೂ ಒಳ್ಳೆಯದು. ಸ್ಟ್ರಿಪ್‌ನ ಡ್ರೈವರ್ ಆದರೆ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಸ್ಪಾಟ್ ಲೈಟಿನದ್ದಾದರೆ ಮಿಲಿಆಂಪ್ ಅಷ್ಟೇ ಇರಬೇಕು, 300 ಇದ್ದಲ್ಲಿ 600 ಹಾಕಿದರೆ ಎಲ್‌ಇಡಿ ಸುಡುತ್ತದೆ. 12 ವೋಲ್ಟಿನ ಸ್ಟ್ರಿಪ್‌ಗೆ 24 ವೋಲ್ಟ್ ಕೊಟ್ಟರೂ ಅದೇ ಗತಿ. ಡ್ರೈವರ್ ಮೇಲೆ ಐಎಸ್ 15885 ಎಂಬ ಗುರುತು ಮತ್ತು ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಹಾಕಿದ ಮೇಲೆ ಅದರ ಮೈ ಮೇಲೆ ಮಾರ್ಕರ್‌ನಿಂದ ತಿಂಗಳು, ವರ್ಷ ಬರೆದಿಡಿ. ಮುಂದೆ ಯಾರು ರಿಪೇರಿಗೆ ಬಂದರೂ ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.